ಬಾಗಿಲಿಗಿಂತ ಅಗಲದ ಕಾರು

ಆ ಬೀದಿಗೆಲ್ಲ ಅವನು ಭಾವ. ಕನ್ನಡಕದ ಅಂಗಡಿಯ ಯಜಮಾನರ ಮಗ ಮೊದಲು ಹಾಗೆ ಕರೆದ. ಅವನಿಗಾದರೆ ನಿಜವಾಗಿ ಅಕ್ಕನ ಗಂಡ, ಕರೆಯಲಿ ಬಿಡಿ. ಅದನ್ನು ಕೇಳಿ ಗಿರಾಕಿಗಳೂ ಭಾವ ಅಂದರು, ಪಕ್ಕದ ಔಷಧಿ ಅಂಗಡಿಯವನೂ ಅಂದ, ಕೊನೆಗೆ ಇಪ್ಪತ್ತು ವರ್ಷ ದೊಡ್ಡವರಾದ ಹಲ್ಲಿನ ಡಾಕ್ಟರು ಕೂಡ 'ಏನು ಭಾವ, ಕನ್ನಡಕ ಆಯ್ತಾ?' ಅನ್ನತೊಡಗಿದರು. ಹೆಂಡತಿಯ ಮನೆಯಲ್ಲಿ ಉಳಿದ ಗಂಡಸಿನ ಪಾಡು ಹೀಗೇ ನೋಡಿ, ಅಪ್ಪ ಅಮ್ಮ ಇಟ್ಟ ಹೆಸರು ಯಾವ ಮೂಲೆ ಸೇರಿತೋ ಅವನಿಗೇ ಗೊತ್ತಿರಲಿಲ್ಲ. ಅದಕ್ಕೆ ಒಳಗೊಳಗೇ ಕುದಿಯುತ್ತಿದ್ದ. ಯಾರಾದರೂ ಭಾವ ಅಂದರೆ ತಕ್ಷಣ 'ಓ' ಅಂತ ತಿರುಗುತ್ತಲೂ ಇದ್ದ.

ಅಂಗಡಿಯ ಹಿಂಭಾಗದಲ್ಲಿ, ಪರದೆಯ ಆಚೆ, ಒಂದು ಸ್ಟೂಲಿನ ಮೇಲೆ ಅವನ ಕೆಲಸ. ಗಾಜನ್ನು ಚಕ್ರಕ್ಕೆ ಹಿಡಿದು ಅಂಚು ಸವೆಸಬೇಕು, ಫ್ರೇಮಿಗೆ ಕೂರಿಸಬೇಕು, ಅದರ ಕಾಲು ಬಗ್ಗಿಸಿ ಕಿವಿಗೆ ಸರಿಮಾಡಬೇಕು. ಮೂಗಿನ ನಡುವಿನಿಂದ ಬಲಗಣ್ಣಿಗೆಷ್ಟು, ಎಡಗಣ್ಣಿಗೆಷ್ಟು ಅಂತ ಬೇರೆ ಬೇರೆ ಅಳೆಯುತ್ತಿದ್ದ. ಕೂದಲೆಳೆ ಹೆಚ್ಚುಕಮ್ಮಿಯಾದರೂ ಗಿರಾಕಿಯನ್ನು ಮತ್ತೆ ಕರೆಸುತ್ತಿದ್ದ. ಕೌಂಟರಿನಲ್ಲಿ ಹೆಂಡತಿ ನಿಲ್ಲುತ್ತಿದ್ದಳು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಮಾವ ಪೇಪರು ಓದುತ್ತ ಕೂರುತ್ತಿದ್ದರು. ಮನೆ ಅಂಗಡಿಯ ಹಿಂದೆಯೇ. ಬೆಳಿಗ್ಗೆ ಆ ಬಾಗಿಲಿನಿಂದ ಈ ಬಾಗಿಲಿಗೆ, ಸಂಜೆ ಈ ಬಾಗಿಲಿನಿಂದ ಆ ಬಾಗಿಲಿಗೆ. ಹನ್ನೊಂದು ವರ್ಷ ಸ್ವಾಮಿ, ಚಪ್ಪಲಿ ಕೂಡ ಸವೆಯುವಷ್ಟು ನಡಿಗೆಯಿಲ್ಲ.

ಇಷ್ಟರ ನಡುವೆ ಅವನದು ಅಂತ ಇದ್ದದ್ದು ಹಿತ್ತಲ ಶೆಡ್ಡಿನ ಕಾರು ಒಂದೇ. ಎರಡೇ ಬಾಗಿಲು, ಉದ್ದ ಮೂಗು, ತಗ್ಗು ಸೀಟು, ಕೂತರೆ ನೆಲಕ್ಕೆ ಕೂತ ಹಾಗೆ. ಅವನು ಕೊಂಡಾಗಲೇ ಅದು ಹಳೆಯದು. ಮದುವೆಗೆ ಮುಂಚೆ ಇನ್ನೊಂದು ಊರಿನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಗ, ಯಾರೋ ಮೂಲೆಗೆ ತಳ್ಳಿದ್ದ ಗಾಡಿಯನ್ನು ಅಕ್ಕರೆಯಿಂದ ಎತ್ತಿ ನಿಲ್ಲಿಸಿದ್ದ. ಅದರಲ್ಲಿ ಟರ್ಬೊ ಇತ್ತು. ಟರ್ಬೊ ಅಂದರೆ ಹೆದರಬೇಡಿ, ಎಂಜಿನ್ನು ಹೊರಗೆ ಬಿಡುವ ಹೊಗೆಯೇ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿನೊಳಕ್ಕೆ ತುರುಕುತ್ತದೆ, ಗಾಡಿಗೆ ಹುರುಪು ಬರುತ್ತದೆ. ಕಾಲು ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಬೆನ್ನಿಗೆ ಕೈಹಚ್ಚಿ ಯಾರೋ ನೂಕಿದ ಹಾಗೆ ಓಡುತ್ತದೆ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಘಟ್ಟದ ರಸ್ತೆಯಲ್ಲಿ ಹೀಗೆ ಓಡಿಸಿದಾಗ ಅವಳು 'ಅಯ್ಯಯ್ಯೋ ನಿಲ್ಸ್ರೀ' ಅಂತ ಕಿರುಚಿ, ನಿಲ್ಲಿಸಿದ ಮೇಲೆ 'ಇನ್ನೊಂದ್ಸಲ' ಅಂದಿದ್ದಳು. ಅವಳೆಂದರೆ ಅವನಿಗೆ ಪ್ರಾಣ ಅನ್ನುವಂತಾದದ್ದು ಆ ದಿನ.

ಆ ಗ್ಯಾರೇಜು ಮುಚ್ಚಿತು. 'ಬೇರೆ ಕೆಲಸ ಸಿಗೋವರೆಗೆ ನಮ್ಮಲ್ಲೇ ಇರಿ ಅಳಿಯಂದ್ರೇ' ಅಂದರು ಮಾವ. ಆರು ತಿಂಗಳ ಮಾತು. ಕಾರು ಶೆಡ್ಡು ಸೇರಿತು, ಇವನು ಸ್ಟೂಲು ಸೇರಿದ. ಆರು ತಿಂಗಳು ಕಳೆದಾಗ ಟರ್ಬೊ ಬಿಚ್ಚಿ ಅದಕ್ಕಿಂತ ದೊಡ್ಡದು ಹಾಕಲು ಕೂತಿದ್ದ. 'ಇದೊಂದು ಆಗ್ಲಿ, ಹೊರಟುಬಿಡೋಣ' ಅಂದ. ದೊಡ್ಡ ಟರ್ಬೊ ಬಂದ ಮೇಲೆ ಎಂಜಿನ್ನಿಗೆ ಪೆಟ್ರೋಲು ಹಾಯಿಸುವ ಹಳೇ ಪಂಪು ಸಾಲದು ಅಂತಾಯಿತು. ಪಂಪು ಬಂತು, ಎಂಜಿನ್ನು ಕಾಯತೊಡಗಿತು, ರೇಡಿಯೇಟರು ಬದಲಾಯಿತು. ಎಂಜಿನ್ನಿನ ಅಷ್ಟು ಬಲವನ್ನು ಚಕ್ರಕ್ಕೆ ದಾಟಿಸಲು ಹಳೇ ಕ್ಲಚ್ಚು ತಡೆಯದು, ಅದೂ ಬದಲಾಯಿತು. ಅಷ್ಟು ಬಲ ನೆಲಕ್ಕೆ ಇಳಿಯಬೇಕಾದರೆ ಟೈರು ಅಗಲವಿರಬೇಕು. ಟೈರು ಅಗಲವಾದರೆ ಚಕ್ರದ ಮೇಲಿನ ಮಡ್‌ಗಾರ್ಡೂ ಅಗಲವಾಗಬೇಕು. ಒಂದಕ್ಕೊಂದು ಗಂಟುಬಿದ್ದ ಈ ಕೆಲಸಕ್ಕೆ ಕೊನೆ ಅಂಬೋದೇ ಇರಲಿಲ್ಲ.

ಯಾರಾದರೂ 'ಯಾವಾಗ ಭಾವ, ಸವಾರಿ?' ಅಂದರೆ ಮುಖ ಸಣ್ಣಗೆ ಮಾಡಿ, 'ಮಾವ ಬಿಡಲ್ಲ ಕಣ್ರೀ' ಅನ್ನುತ್ತಿದ್ದ. ಬೀದಿಯವರು ಪಾಪ ಅಂತ ಲೊಚಗುಟ್ಟುತ್ತಿದ್ದರು. ಮಾವನಿಗೆ ಈ ಸುದ್ದಿ ಮುಟ್ಟಿರಲಿಲ್ಲ, ಅವರಿಗೆ ಕಿವಿ ಸ್ವಲ್ಪ ಮಂದ.

ಹಳೇ ಗ್ಯಾರೇಜಿನ ಗೆಳೆಯ ಒಬ್ಬನಿದ್ದ. ಮೈಯೆಲ್ಲ ಸದಾ ಮಸಿ, ಅದಕ್ಕೇ ಅವನಿಗೆ ಗ್ರೀಸು ಅಂತ ಹೆಸರು. ಈ ಹನ್ನೊಂದನೇ ವರ್ಷ ಅವನು ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿನಲ್ಲಿ ಸ್ವಂತ ವರ್ಕ್‌ಶಾಪು ಹಾಕಿದ. ಓಟದ ಕಾರುಗಳನ್ನು ತಿದ್ದಿ ಬಲ ಹೆಚ್ಚಿಸುವುದೇ ಅಲ್ಲಿ ಕೆಲಸ. ಫೋನು ಮಾಡಿದ.

'ಲೋ, ಭಾನುವಾರ ಓಪನಿಂಗು. ನಿನ್ನ ಗಾಡಿ ತಂದು ಬಾಗಿಲಲ್ಲಿ ನಿಲ್ಸು. ಅದನ್ನ ನೋಡಿದ್ರೆ ಸಾಕು, ಗಿರಾಕಿ ತಾನಾಗೇ ಬರ್ತಾರೆ. ನೀನು ನನ್ನ ಪಾರ್ಟ್ನರು. ಅತ್ತಿಗೆ ಕೌಂಟರು ನೋಡ್ಕೊಳ್ಲಿ. ಮೇಲೆ ಎರಡು ರೂಮಿನ ಮನೆ ಖಾಲಿ ಇದೆ.'

ಹೆಂಡತಿಗೆ ಹೇಳಿದಾಗ ಅವಳು ಕುಣಿಯುವುದೊಂದು ಬಾಕಿ. ಹುಟ್ಟಿದ ಮನೆಯಲ್ಲೇ ಮದುವೆಯಾದ ಮೇಲೂ ಮಗಳಾಗಿ ಇರುವುದೆಂದರೆ ಏನು ಅಂತ ಅವಳಿಗೇ ಗೊತ್ತು. ಇವತ್ತಿಗೂ ಅಪ್ಪ 'ಎಲ್ಲಿಗೆ? ಯಾಕೆ? ಎಷ್ಟೊತ್ತಿಗೆ ಬರ್ತೀಯ?' ಅಂತ ಕೇಳುತ್ತಿದ್ದರು. 'ರೀ, ಈ ಸಲ ಕೈ ಬಿಡಬೇಡಿ' ಅಂದಳು. 'ಆ ಗಾಡಿ ಗೇಟು ದಾಟೋ ದಿನ ನಾನು ಪಕ್ಕದ ಸೀಟಲ್ಲಿರ್ತೀನಿ. ಆದ್ರೆ ಇದು ಕೊನೆ. ಭಾನುವಾರ ಹೊರಡ್ಲಿಲ್ಲ ಅಂದ್ರೆ ಆಮೇಲೆ ನನ್ನ ಹತ್ರ ಈ ಮಾತೇ ಎತ್ತಕೂಡದು.'

'ಹೊರಡ್ತೀವಿ ಕಣೇ' ಅಂದ. ಮನಸ್ಸಿನಿಂದಲೇ ಅಂದ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸಂತೆ. ಔಷಧಿ ಅಂಗಡಿಯವನು ಬಂದ, ಹಲ್ಲಿನ ಡಾಕ್ಟರು ಬಂದರು, ಮಾವ ಕುರ್ಚಿಯನ್ನೇ ಹೊತ್ತು ತಂದು ಕೂತರು. ಹೆಂಡತಿ ಒಳ್ಳೆಯ ಬಟ್ಟೆ ಉಟ್ಟು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸೀಟಿನಲ್ಲಿ ಕೂತಳು. ಅವನು ಚಾವಿ ತಿರುಗಿಸಿದ. ಎಂಜಿನ್ನು ಒಂದೇ ಏಟಿಗೆ ಎದ್ದಿತು, ಶೆಡ್ಡಿನ ತಗಡೆಲ್ಲ ನಡುಗಿತು. ಭಾವಮೈದ ಶಿಳ್ಳೆ ಹೊಡೆದ. ಗೇರು ಹಾಕಿ ಮೆಲ್ಲಗೆ ಬಿಟ್ಟ, ಕಾರು ಮೊಳದಷ್ಟು ಸರಿಯಿತು, ಕರ್ ಅಂತ ಸದ್ದಾಯಿತು, ನಿಂತಿತು.

ಎಡಕ್ಕೂ ತಾಗಿತ್ತು, ಬಲಕ್ಕೂ ತಾಗಿತ್ತು. ತಾನೇ ತಗಡು ಕತ್ತರಿಸಿ, ಬೆಸೆದು, ಉಜ್ಜಿ, ಬಣ್ಣ ಬಳಿದ ಆ ಚೆಂದದ ಮಡ್‌ಗಾರ್ಡುಗಳು ಬಾಗಿಲಿನ ಎರಡು ಕಂಬಕ್ಕೂ ಒತ್ತಿಕೊಂಡಿದ್ದವು. ಊರ ಜನರ ಕಣ್ಣುಗಳ ನಡುವಿನ ದೂರವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ಮಹಾಶಯ ತನ್ನ ಶೆಡ್ಡಿನ ಬಾಗಿಲು ಅಳೆದಿರಲಿಲ್ಲ! ಕಾರು ಬೇಲಿಯಲ್ಲಿ ತಲೆ ತೂರಿಸಿದ ಕರುವಿನ ಹಾಗೆ ಮೂಗು ಮಾತ್ರ ಹೊರಗಿಟ್ಟು ನಿಂತಿತ್ತು. ಭಾವಮೈದ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಡಾಕ್ಟರು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡರು.

ಭಾವನ ಕಿವಿ ಕೆಂಪಗಾಯಿತು. ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಯ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ. ಕರ್ ಅಂತ ಸದ್ದು ಬಂದ ಗಳಿಗೆಯಲ್ಲಿ ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಾಗಿತ್ತು. ಅಬ್ಬ, ಹೋಗೋ ಹಾಗಿಲ್ಲವಲ್ಲ. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟುಕೊಂಡು, ಹೆಂಡತಿಯ ಮುಖ ನೋಡದೆ ಸ್ಟೇರಿಂಗು ಹಿಡಿದು ಕೂತ.

'ಇದಕ್ಕ್ಯಾಕೆ ಮುಖ ಸಪ್ಪೆ ಮಾಡ್ತೀರಿ ಅಳಿಯಂದ್ರೇ?' ಮಾವ ಪೇಪರು ಮಡಿಚಿಟ್ಟು ಎದ್ದರು. 'ಗೋಡೆ ಒಡೆಸಿದ್ರಾಯ್ತು.'

'ಬೇಡ ಮಾವ, ನಿಮಗ್ಯಾಕೆ ತೊಂದ್ರೆ...'

'ತೊಂದ್ರೆ ಏನು ಬಂತು, ನಮ್ಮದೇ ಗೋಡೆ' ಅಂದವರೇ ಗಾರೆ ಕೆಲಸದ ಮೇಸ್ತ್ರಿಗೆ ಹೇಳಿಕಳಿಸಿದರು.

ಮೇಸ್ತ್ರಿ ಇನ್ನೊಬ್ಬನನ್ನು ಕರಕೊಂಡು ಬಂದ. ಕಂಬ ಕಿತ್ತರು, ಇಟ್ಟಿಗೆ ಉರುಳಿಸಿದರು, ಧೂಳೆದ್ದು ಕಾರಿನ ಮೇಲೆಲ್ಲ ಕೂತಿತು. ಭಾವ ಪ್ರತಿ ಏಟಿಗೂ ಬೆಚ್ಚುತ್ತ, ಕಾರಿಗೆ ಪೆಟ್ಟಾದೀತು ಅಂತ ನೆಪ ಹೇಳುತ್ತ ಅತ್ತಿಂದಿತ್ತ ತಿರುಗಿದ. ಅವನಿಗೆ ಈ ಮಾವ ಯಾಕಾದರೂ ಇಷ್ಟು ಒಳ್ಳೆಯವರೋ ಅನ್ನಿಸಿತು. ಊಟದ ಹೊತ್ತಿಗೆಲ್ಲ ಒಂದು ಪಕ್ಕದ ಗೋಡೆಯೇ ಇಲ್ಲ. ಕಾರೇನು, ಲಾರಿ ಬೇಕಾದರೂ ಹಾಯಬಹುದಿತ್ತು. ಸಂಜೆಯೊಳಗೆ ಮುಟ್ಟಿದರೆ ಸಾಕು ಅಂತ ಗ್ರೀಸು ಫೋನಿನಲ್ಲಿ ಹೇಳಿದ್ದ.

ಹೆಂಡತಿ ಸೀಟಿನ ಧೂಳು ಕೊಡವಿ ಮತ್ತೆ ಕೂತಳು. ಚಾವಿ ತಿರುಗಿತು, ಎಂಜಿನ್ನು ಎದ್ದಿತು. ಮುಂದೆ ಅಂಗಳ, ಅದರಾಚೆ ತೆರೆದ ಗೇಟು, ಅದರಾಚೆ ಬಿಸಿಲು ಬಿದ್ದ ರಸ್ತೆ. ಭಾವ ಆ ರಸ್ತೆಯನ್ನೇ ನೋಡಿದ. ಅಲ್ಲಿ ಹೋದ ಮೇಲೆ ಗಾಡಿ ಅಷ್ಟೊಂದೇನೂ ಇಲ್ಲ ಅಂತ ಯಾರಾದರೂ ಅಂದರೆ? ಗಿರಾಕಿ ಬರದಿದ್ದರೆ? ಅಲ್ಲಿ ಏನು ಕೆಟ್ಟರೂ ಮಾವನ ತಲೆಗೆ ಕಟ್ಟುವ ಹಾಗಿಲ್ಲ. ಅವನು ಎಂಜಿನ್ನು ಆರಿಸಿದ.

'ಕ್ಲಚ್ಚು ಜಾರ್ತಾ ಇದೆ.'

'ಬೆಳಿಗ್ಗೆ ಸರಿ ಇತ್ತಲ್ಲ?'

'ಗೋಡೆಗೆ ಸಿಕ್ಕಾಗ ಒತ್ತಿದ್ನಲ್ಲ, ಸುಟ್ಟಿರ್ಬೇಕು. ದಾರೀಲಿ ಕೈ ಕೊಟ್ರೆ ಕಷ್ಟ. ಮುಂದಿನ ವಾರ...'

ಅವಳು ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು, ಮಾಡಲಿಲ್ಲ. 'ಹೊರಗೆ ಹೋಗ್ಬೇಕು ಅಂತ ಮನಸ್ಸಲ್ಲಿದ್ದೋರು ಮೊದಲು ಬಾಗಿಲು ಅಳೀತಾರೆ ರೀ' ಅಂದಳು. ಬ್ಯಾಗು ಹೆಗಲಿಗೇರಿಸಿ ಇಳಿದಳು. 'ನಾನು ಬಸ್ಸಲ್ಲಿ ಹೋಗಿ ಮನೆ ನೋಡಿರ್ತೀನಿ. ಗ್ರೀಸಣ್ಣಂಗೆ ಹೇಳ್ತೀನಿ, ನಾಳೆ ಬೆಳಿಗ್ಗೆ ಬಂದು ಕ್ಲಚ್ಚು ನೋಡ್ತಾರೆ. ಇಬ್ರೂ ಸೇರಿ ಸರಿ ಮಾಡ್ಕೊಂಡು ಬನ್ನಿ.'

ತಮ್ಮನ ಸ್ಕೂಟರಿನ ಹಿಂದೆ ಕೂತು ಬಸ್‌ಸ್ಟ್ಯಾಂಡಿಗೆ ಹೊರಟೇಬಿಟ್ಟಳು. 'ಎಲ್ಲಿಗೆ? ಯಾಕೆ?' ಅಂತ ಕೇಳುತ್ತಿದ್ದ ಅಪ್ಪ ಅವತ್ತು ಏನೂ ಕೇಳಲಿಲ್ಲ. ಅವಳು ಗೇಟು ದಾಟಿದ ಮೇಲೆ ಅಳಿಯನ ಕಡೆ ತಿರುಗಿದರು.

'ಅಲ್ರೀ, ನಾನು ಬಿಡಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದಿದೀರಂತೆ? ಡಾಕ್ಟ್ರು ಈಗ ಅಂದ್ರು. ನಾನೇನು ನಿಮ್ಮನ್ನ ಕಟ್ಟಿ ಹಾಕಿದ್ನಾ? ಈ ಶೆಡ್ಡಲ್ಲಿ ಮಗನಿಗೆ ಗಾಜು ಸವೆಸೋ ಹೊಸ ಮೆಷಿನ್ನು ಹಾಕಿಸ್ಬೇಕು ಅಂತ ಎಷ್ಟು ವರ್ಷದಿಂದ ಕಾಯ್ತಿದೀನಿ ಗೊತ್ತಾ? ಪಾಪ, ಹೋಗೋಕೆ ಜಾಗ ಇಲ್ಲ, ಮನಸ್ಸು ನೋಯ್ಸೋದು ಬೇಡ ಅಂತ ಸುಮ್ನಿದ್ದೆ.'

ಭಾವ ಕಾರಿನ ಮೇಲಿನ ಧೂಳು ಒರೆಸತೊಡಗಿದ. ಮಾವ ತಲೆಯಾಡಿಸುತ್ತ ಕುರ್ಚಿ ಎತ್ತಿಕೊಂಡು ಒಳಗೆ ಹೋದರು.

ಅಂಗಳ ಖಾಲಿಯಾಯಿತು. ಕ್ಲಚ್ಚಿನಲ್ಲಿ ಏನೂ ದೋಷ ಇರಲಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಗೋಡೆಗೆ ತಾಗಿದ ಕೂಡಲೇ ಕಾಲು ತೆಗೆದಿದ್ದ, ಸುಟ್ಟ ವಾಸನೆ ಕೂಡ ಬಂದಿರಲಿಲ್ಲ. ಈಗಲೂ ಒಬ್ಬನೇ ಕೂತು ಹೊರಟರೆ ಬಸ್ಸಿಗಿಂತ ಮುಂಚೆ ಆ ಊರು ಮುಟ್ಟಿ, ಇಳಿಯುವ ಹೆಂಡತಿಯ ಮುಂದೆ ನಿಲ್ಲಿಸಬಹುದಿತ್ತು. ಹಾಗೆ ನಿಲ್ಲಿಸಿದರೆ ಅವಳ ಮುಖ ಹೇಗಾದೀತು ಅಂತಲೂ ಯೋಚಿಸಿದ. ಚಾವಿಯನ್ನು ಎರಡು ಸಲ ಮುಟ್ಟಿದ. ಆಮೇಲೆ, ನಾಳೆ ಬೆಳಿಗ್ಗೆ ಗ್ರೀಸು ಬಂದು ಒಂದು ಸುತ್ತು ಓಡಿಸಿ ನೋಡಿದರೆ ಸುಳ್ಳು ಬಯಲಾಗುತ್ತದಲ್ಲ ಅನ್ನುವುದು ನೆನಪಾಯಿತು. ಜಾಕು ಕೊಟ್ಟು ಕಾರನ್ನು ಎತ್ತಿದ, ಸ್ಟ್ಯಾಂಡಿನ ಮೇಲೆ ಕೂರಿಸಿದ, ಬೆನ್ನ ಮೇಲೆ ಮಲಗಿ ಅಡಿಗೆ ಸರಿದ. ಕ್ಲಚ್ಚು ಹೊರತೆಗೆಯಲು ಗೇರ್‌ಬಾಕ್ಸಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಈ ಕೆಲಸಕ್ಕೆ ಮಾತ್ರ ಅವನ ಕೈ ಒಂದಿಷ್ಟೂ ತಡವರಿಸಲಿಲ್ಲ. ಗೋಡೆಯಿಲ್ಲದ ಕಡೆಯಿಂದ ಬೆಳಕು ಧಾರಾಳವಾಗಿ ಬರುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಫೋನು ಬಂತು.

'ಮನೆ ಚೆನ್ನಾಗಿದೆ ರೀ' ಅಂದಳು. ದನಿಯಲ್ಲಿ ಬಹಳ ವರ್ಷದಿಂದ ಕೇಳದ ಉತ್ಸಾಹ. 'ಅಡಿಗೆಮನೇಲಿ ಎರಡು ಕಿಟಕಿ. ಕ್ಲಚ್ಚು ನೋಡಿದ್ರಾ?'

'ಬಿಚ್ಚಿದೀನಿ.'

'ಹೋಗಿತ್ತಾ?'

ಕ್ಲಚ್ಚಿನ ತಟ್ಟೆ ಅವನ ತೊಡೆಯ ಮೇಲೇ ಇತ್ತು. ಅಂಚು ಒಂದಿಷ್ಟೂ ಕಪ್ಪಾಗಿರಲಿಲ್ಲ.

'ಹೂಂ' ಅಂದ. 'ಪೂರ್ತಿ ಹೋಗಿದೆ. ಹೊಸದು ತರಿಸ್ಬೇಕು.'

ಆ ಕಡೆ ಅವಳ ಹಿಂದೆ ಗ್ರೀಸು ಯಾರ ಜೊತೆಗೋ ನಗುತ್ತಿರುವುದು, ಯಾವುದೋ ಗಾಡಿ ಬಂದು ನಿಂತದ್ದು ಕೇಳಿಸಿತು.

'ಗ್ರೀಸಣ್ಣ ಇಲ್ಲೇ ಇದಾರೆ' ಅಂದಳು, ಮೆಲ್ಲಗೆ. 'ಬೆಳಿಗ್ಗೆ ಗೋಡೆಗೆ ಸಿಕ್ಕಿದ್ದು ಹೇಳ್ದೆ. ಅಷ್ಟಕ್ಕೆಲ್ಲ ಆ ಕ್ಲಚ್ಚು ಹೋಗಲ್ಲ ಅಂತಿದಾರೆ.'

ಭಾವ ತೊಡೆಯ ಮೇಲಿನ ತಟ್ಟೆಯನ್ನು ಮಗುಚಿ ಹಾಕಿದ. ಆಗ ಅವನು ಒಂದು ಮಾತು, ಬೇರೆ ಯಾವುದಾದರೂ ಮಾತು ಅಂದಿದ್ದರೂ ಸಾಕಿತ್ತೇನೋ.

'ಮನೆಗೆ ಎರಡು ಬೀಗದ ಕೈ ಕೊಡ್ತಿದಾರೆ ರೀ' ಅಂದಳು. 'ನಾನು ಒಂದೇ ಇಸ್ಕೊಳ್ತೀನಿ.'