ಮಠದ ಅಜ್ಜ ಕೇಳಿದ ಒಂದು ಮಾತು

ಅದು ೧೯೨೬ನೆಯ ಇಸವಿಯ ಬೇಸಿಗೆ. ನನಗಾಗ ಹದಿನೇಳು ವರ್ಷ. ಬೆಳಗಾವಿಯ ಒಂದು ಮಿಷನ್ ಬೋರ್ಡಿಂಗಿನಲ್ಲಿದ್ದುಕೊಂಡು ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದೆ. ಇನ್ನೊಂದು ವರ್ಷ ಕಳೆದರೆ ಯಾವುದಾದರೂ ಕನ್ನಡ ಸಾಲೆಯಲ್ಲಿ ನಾನೂ ಅಕ್ಕೋರು ಆಗುವವಳಿದ್ದೆ.

ನನ್ನವರು ಎಂದು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಇನ್‌ಫ್ಲುಯೆಂಜಾ ಜ್ವರ ಊರೂರನ್ನೇ ಬಳಿದುಕೊಂಡು ಹೋದ ವರ್ಷ ಅಪ್ಪ, ಅವ್ವ ಇಬ್ಬರೂ ಒಂದೇ ವಾರದಲ್ಲಿ ತೀರಿಕೊಂಡರು. ನನಗಾಗ ಒಂಬತ್ತು ವರ್ಷ. ಅದೇ ಜ್ವರದಲ್ಲಿ ನಾನೂ ಆಸ್ಪತ್ರೆಯಲ್ಲಿ ಮಲಗಿದ್ದೆ. ಅವ್ವ ಹೋದದ್ದನ್ನು ಎರಡು ದಿನ ನನಗೆ ಯಾರೂ ಹೇಳಲಿಲ್ಲ. ಅವಳು ಕಲಿಸಿದ್ದ ಪ್ರಾರ್ಥನೆಯನ್ನು ಒಬ್ಬಳೇ ಹೇಳಿಕೊಳ್ಳುತ್ತ ಮಲಗಿರುತ್ತಿದ್ದೆ. ಮೊದಮೊದಲು ಬರೀ ಬಾಯಿಪಾಠ. ಆಮೇಲೆ ಬಾಯಿಪಾಠ ಮುಗಿದು ಮಾತು ಶುರುವಾಯಿತು. ನೀರಡಿಕೆಯಾದದ್ದು, ಹೆದರಿಕೆಯಾದದ್ದು, ಪಕ್ಕದ ಹಾಸಿಗೆಯ ಹುಡುಗಿಯನ್ನು ಬಿಳಿ ಬಟ್ಟೆ ಹೊದಿಸಿ ಎತ್ತಿಕೊಂಡು ಹೋದದ್ದು, ಎಲ್ಲವನ್ನೂ ಯೇಸುವಿಗೆ ಹೇಳುತ್ತಿದ್ದೆ. ಕೇಳುವವನು ಇದ್ದಾನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಜ್ವರ ಬಿಟ್ಟ ಮೇಲೂ ಆ ಮಾತುಕತೆ ನಿಲ್ಲಲಿಲ್ಲ.

ಅವ್ವ ಹುಟ್ಟಿದ್ದು ಖಾನಾಪುರದ ಒಂದು ಲಿಂಗಾಯತ ಮನೆತನದಲ್ಲಿ. ಮದುವೆಯಾದ ಎರಡನೆಯ ವರ್ಷ ಅಪ್ಪ ಕ್ರೈಸ್ತನಾದ, ಅವನೊಂದಿಗೆ ಅವ್ವನೂ ಆದಳು. ಅಂದಿನಿಂದ ತವರಿನ ಬಾಗಿಲು ಅವಳಿಗೆ ಮುಚ್ಚಿತು. ಅವಳಿಗೊಬ್ಬ ಸಣ್ಣ ತಮ್ಮನಿದ್ದ, ಅವನನ್ನು ಟೊಂಕದ ಮೇಲೆ ಹೊತ್ತು ತಿರುಗುತ್ತಿದ್ದೆ ಎಂದು ಅವ್ವ ಆಗಾಗ ಹೇಳುತ್ತಿದ್ದಳು. ತವರಿನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆ ತಮ್ಮ ನಮ್ಮ ಬೋರ್ಡಿಂಗಿನ ಅಂಗಳದಲ್ಲಿ ಬಂದು ನಿಂತ. ನಾನೆಲ್ಲಿದ್ದೇನೆಂದು ಯಾರಿಂದಲೋ ತಿಳಿದುಕೊಂಡು ಬಂದಿದ್ದ. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು. ಹಣೆಯ ಮೇಲೆ ವಿಭೂತಿ, ಕೈಯಲ್ಲೊಂದು ಚುರಮುರಿ ಚೀಲ. ನನ್ನನ್ನು ನೋಡಿದ್ದೇ ತಡ, ಆ ಚೀಲವನ್ನು ನನ್ನ ಕೈಗಿಟ್ಟ.

"ನಮ್ಮಕ್ಕನ ಮಾರಿನ ಐತಿ," ಎಂದ. "ನಾ ರುದ್ರಪ್ಪ. ನಿನ್ನ ಸೋದರಮಾವ. ಅಕ್ಕ ಹೋದ ಸುದ್ದಿ ನಮಗ ಹೋದ ವರ್ಷ ತಿಳೀತು, ತಂಗಿ. ನಮ್ಮವ್ವಗ ನಿನ್ನ ನೋಡೂ ಆಸಿ ಭಾಳ ಐತಿ. ರಜಾದಾಗ ಬಾ. ಹತ್ತ ದಿನ ಇದ್ದ ಬರಾಕಿ."

ರಜೆಯಲ್ಲಿ ಎಲ್ಲ ಹುಡುಗಿಯರೂ ಊರಿಗೆ ಹೋಗುತ್ತಿದ್ದರು. ನಾನು ಮತ್ತು ಅಡಿಗೆಯವಳು ಇಬ್ಬರೇ ಬೋರ್ಡಿಂಗಿನಲ್ಲಿ ಉಳಿಯುತ್ತಿದ್ದೆವು. 'ನಮ್ಮ ಊರಿಗೆ ಹೋಗುತ್ತೇನೆ' ಎನ್ನುವ ಮಾತನ್ನು ಜೀವನದಲ್ಲಿ ಒಮ್ಮೆಯಾದರೂ ಹೇಳಬೇಕೆಂದು ನನಗೆಷ್ಟು ಆಸೆಯಿತ್ತೆಂಬುದು ನನಗೇ ಗೊತ್ತು. ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ಮಿಸ್ಸಮ್ಮನವರ ಅಪ್ಪಣೆ ಪಡೆದು, ಎರಡು ಸೀರೆ, ಬೈಬಲಿನ ಹೊಸ ಒಡಂಬಡಿಕೆಯ ಪುಸ್ತಕ ಟ್ರಂಕಿನಲ್ಲಿಟ್ಟುಕೊಂಡು ಮಾವನ ಸಂಗಡ ರೈಲು ಹತ್ತಿದೆ.

ಆಯಿ, ಅಂದರೆ ಅವ್ವನ ಅವ್ವ, ಹೊಸ್ತಿಲಲ್ಲೇ ಕಾಯುತ್ತಿದ್ದಳು. ನನ್ನ ಕೆನ್ನೆ, ಕೊರಳು, ಕೈ ಎಲ್ಲ ಸವರಿ ನೋಡಿದಳು. "ಬಂದೇನ ನನ್ನ ನೀಲಾ?" ಎಂದು ಎದೆಗವಚಿಕೊಂಡು ಅತ್ತಳು. ನೀಲವ್ವ ನನ್ನ ಅವ್ವನ ಹೆಸರು.

"ನನ್ನ ಹೆಸರು ಎಸ್ತೇರ, ಆಯಿ," ಎಂದೆ.

"ಅದೆಲ್ಲಾ ನನ್ನ ನಾಲಿಗಿಗಿ ಹೊಳ್ಳೂದಿಲ್ಲ. ನೀ ನನಗ ನೀಲಾನ," ಎಂದಳು. ಅಷ್ಟು ಪ್ರೀತಿಯಿಂದ ಕರೆಯುವಾಗ ಬೇಡ ಎನ್ನಲು ಬಾಯಿ ಬರಲಿಲ್ಲ. ಆಮೇಲೆ ಮಾವನೂ ಓಣಿಯ ಹೆಂಗಸರೂ ಹಾಗೆಯೇ ಕರೆದರು.

ಐದು ದಿನ ಹೇಗೆ ಕಳೆದವೋ ತಿಳಿಯಲಿಲ್ಲ. ಆಯಿ ನನ್ನ ತಲೆಗೆ ಎಣ್ಣೆ ಹಚ್ಚಿದಳು, ಬಳೆಗಾರನನ್ನು ಮನೆಗೇ ಕರೆಸಿ ಹಸಿರು ಬಳೆ ಇಡಿಸಿದಳು. ನಾನು ಉಣ್ಣುವಾಗ ಎದುರಿಗೆ ಕುಳಿತು ನೋಡುತ್ತಿದ್ದಳು. ಮನೆಯ ಹಿಂದೆ ಮಾವನ ಚುರಮುರಿ ಭಟ್ಟಿ ಇತ್ತು. ಕಾದ ಉಸುಕಿನಲ್ಲಿ ಅವನು ಅಕ್ಕಿ ಸುರುವಿ ಕೈಯಾಡಿಸಿದರೆ ಮಲ್ಲಿಗೆ ಅರಳಿದ ಹಾಗೆ ಅರಳುತ್ತಿತ್ತು. "ಬಾಯಾಗ ಹಾಕೊಂಡ ನೋಡ, ಉಪ್ಪ ಕಡಿಮಿ ಆತೇನ?" ಎಂದು ಬಿಸಿ ಬಿಸಿ ಚುರಮುರಿಯನ್ನು ನನ್ನ ಸೆರಗಿಗೆ ಹಾಕುತ್ತಿದ್ದ. ಅವನು ಒಳ್ಳೆಯವನು, ನಗಿಸುವವನು. ಅವನು ಎದುರಿಗಿದ್ದರೆ ನನಗೆ ಹಿತವೆನಿಸುತ್ತಿತ್ತು. ಮುಚ್ಚಿಟ್ಟುಕೊಂಡು ಬರೆಯುವುದರಲ್ಲಿ ಅರ್ಥವಿಲ್ಲ.

ಮೂರನೆಯ ದಿನ ಟ್ರಂಕಿನಲ್ಲಿ ನನ್ನ ಪುಸ್ತಕ ಕಾಣಲಿಲ್ಲ. ಆಯಿಯನ್ನು ಕೇಳಿದರೆ, "ಅದು ದೇವರ ಪುಸ್ತಕ ಅಂತಲ್ಲವಾ? ನೆಲದ ಮ್ಯಾಲಿನ ಟ್ರಂಕಿನ್ಯಾಗ ಇಡಬಾರದು. ಶುದ್ಧ ಅರಿವಿಯೊಳಗ ಸುತ್ತಿ ಮಾಡದಾಗ ಇಟ್ಟೀನಿ," ಎಂದಳು. ಗೋಡೆಯಲ್ಲಿ ಅಷ್ಟೆತ್ತರದಲ್ಲಿದ್ದ ಆ ಮಾಡ ನನ್ನ ಕೈಗೆ ನಿಲುಕುತ್ತಿರಲಿಲ್ಲ. ಇಳಿಸಿಕೊಡು ಎಂದು ನಾನೂ ಕೇಳಲಿಲ್ಲ.

ಐದನೆಯ ದಿನ ಮಧ್ಯಾಹ್ನ ಆಯಿ ನನ್ನನ್ನು ಬಳಿಯಲ್ಲಿ ಕೂಡಿಸಿಕೊಂಡಳು.

"ನೋಡ ಕೂಸ, ಹೆಣ್ಣಮಗಳು ಒಬ್ಬಾಕಿನ ಎಷ್ಟ ದಿನ ಇರ್ತಿ? ನಿನಗ ಜಡ್ಡ ಬಂದ್ರ ನೀರ ಕೊಡವರ್ಯಾರು? ಸೋದರಮಾವ ಅದಾನ, ಹಕ್ಕಿನ ಸಂಬಂಧ. ಅವನೂ ಒಪ್ಪ್ಯಾನ. ನಾಳಿ ಮಠದ ಅಜ್ಜಾರು ಬರ್ತಾರ. ತಲಿಮ್ಯಾಲ ನೀರ ಹಾಕ್ಕೊ, ವಿಭೂತಿ ಹಚ್ಚಿಕೊ, ಲಿಂಗಾ ಕಟ್ಟಿಸ್ಕೊ. ಅಷ್ಟ ಆದ್ರ ನೀ ನಮ್ಮಾಕಿ ಆದಿ. ಮುಂದಿನ ತಿಂಗಳ ಅಕ್ಕಿಕಾಳ ಹಾಕಿ ಲಗ್ನಾ ಮಾಡಿಬಿಡೂಣು. ನನ್ನ ಮಗಳು ಹೋದ್ಲು, ಮಗಳ ಮಗಳಾದ್ರೂ ಮನಿಗಿ ಬಂದ್ಲು ಅಂತ ಕಣ್ಣ ಮುಚ್ಚತೀನಿ."

ಬೈದು ಹೇಳಿದ್ದರೆ, ಹೆದರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಆಯಿ ನನ್ನ ಗದ್ದ ಹಿಡಿದಿದ್ದಳು. ನಾನು ತಲೆ ತಗ್ಗಿಸಿ ಬಹಳ ಹೊತ್ತು ಸುಮ್ಮನಿದ್ದೆ. "ಏನ ಅಂತಿ?" ಎಂದು ಅವಳು ಕೇಳಲಿಲ್ಲ. "ಆತಲ್ಲಾ?" ಎಂದಳು.

"ಆತು," ಎಂದೆ.

ಅವಳು ಎದ್ದು ಹೋಗಿ ಎಲ್ಲರಿಗೂ ಸಕ್ಕರೆ ಹಂಚಿದಳು.

ಸಂಜೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು ಎಂದಿನಂತೆ ಪ್ರಾರ್ಥನೆ ಮಾಡಲು ಕಣ್ಣು ಮುಚ್ಚಿದೆ. ಒಂದು ಮಾತೂ ಹೊರಡಲಿಲ್ಲ. ಏನು ಹೇಳುವುದು? 'ಇನ್ನು ನೀನು ಬರಬೇಡ, ನನಗೆ ನನ್ನವರು ಸಿಕ್ಕಿದರು' ಎನ್ನಲೇ? ಎಂಟು ವರ್ಷಗಳಲ್ಲಿ ಮೊದಲ ಸಲ ಆತನ ಜತೆ ಮಾತಾಡದೆ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಪಡಸಾಲೆಯ ತುಂಬ ಜನ. ಓಣಿಯ ಹೆಂಗಸರು, ದೂರದ ನೆಂಟರು, ಮನೆತನದ ಹಿರಿಯನೆಂದು ಆಯಿಯ ಮೈದುನ ಬಸಲಿಂಗಪ್ಪ, ಎಲ್ಲರೂ ಬಂದಿದ್ದರು. ನನಗೆ ನೀರೆರೆದು, ಹೊಸ ಇಳಕಲ್ಲ ಸೀರೆ ಉಡಿಸಿ, ಮಣೆಯ ಮೇಲೆ ಕೂಡಿಸಿದರು. ಎದುರಿಗೆ ಮಠದ ಅಜ್ಜನವರು ಬಂದು ಕುಳಿತರು. ಎಪ್ಪತ್ತರ ಮೇಲಿನ ವಯಸ್ಸು, ಕಾವಿ ಬಟ್ಟೆ, ಬಡಕಲು ಮೈ. ಅವರ ಮುಂದಿನ ತಟ್ಟೆಯಲ್ಲಿ ವಿಭೂತಿ, ಪತ್ರಿ, ಕೊರಳಿಗೆ ಕಟ್ಟುವ ದಾರ, ಒಂದು ಪುಟ್ಟ ಲಿಂಗ.

ಲಿಂಗವನ್ನು ಕೈಗೆತ್ತಿಕೊಳ್ಳುವ ಮೊದಲು ಅವರು ನನ್ನ ಮುಖ ನೋಡಿದರು.

"ನಿನ್ನ ಹೆಸರೇನ, ಮಗಳ?"

"ನೀಲವ್ವ ರೀ," ಎಂದು ಹಿಂದಿನಿಂದ ಯಾರೋ ಹೇಳಿದರು.

"ನಾ ಆಕಿನ್ನ ಕೇಳಾಕತ್ತೀನಿ," ಎಂದರು ಅಜ್ಜ.

"ಎಸ್ತೇರ," ಎಂದೆ. ಆ ಮನೆಗೆ ಬಂದ ದಿನ ಬಿಟ್ಟರೆ ನನ್ನ ಹೆಸರು ನನಗೇ ಕೇಳಿಸಿದ್ದು ಆಗಲೇ.

"ಇವರೆಲ್ಲಾ ನಿನಗ ದೀಕ್ಷಾ ಕೊಡ್ರಿ ಅಂತ ನನ್ನ ಕರ್ಸ್ಯಾರ. ನಿನಗ ಬೇಕಾಗೇತೇನ? ನೀ ಏನ ಅಂತಿ?"

ಆಯಿ ನನ್ನ ಬೆನ್ನ ಹಿಂದೆಯೇ ಕುಳಿತಿದ್ದಳು. ಅವಳ ಉಸಿರು ನನಗೆ ತಾಗುತ್ತಿತ್ತು. ಮಾವ ಕಂಬಕ್ಕೆ ಒರಗಿ ನಿಂತಿದ್ದ. ನಿನ್ನೆ 'ಆತು' ಎಂದ ನಾಲಿಗೆ ಈಗ ಅಂಟಿಕೊಂಡಿತು. ಅಜ್ಜ ಮಾತ್ರ ಅವಸರ ಮಾಡಲಿಲ್ಲ. ಕಾಯುತ್ತ ಕುಳಿತರು.

"ಬ್ಯಾಡ್ರಿ ಅಜ್ಜಾರ," ಎಂದೆ. ಅಳು ಒತ್ತರಿಸಿ ಬಂತು. "ಅಪ್ಪ ಅವ್ವ ಹೋದಾಗ ನನಗ ಯಾರೂ ಇರಲಿಲ್ಲ. ಆವಾಗ ಯೇಸು ಇದ್ದ. ಇವತ್ತ ನೀವೆಲ್ಲಾರೂ ಸಿಕ್ಕೀರಿ ಅಂತ ಅವನ್ನ ಹೆಂಗ ಬಿಡಲಿ?"

ಒಮ್ಮೆಲೇ ಗದ್ದಲ ಎದ್ದಿತು. "ನಿನ್ನಿ ಹೂಂ ಅಂದಿದ್ಲಲ್ಲಾ!" "ಮಂದಿ ಕೂಡಿಸಿ ಮಾನಾ ಕಳದ್ಲು." "ಬೋರ್ಡಿಂಗದಾಗ ಕಲಿಸಿ ಕಳಿಸ್ಯಾರ." ಬಸಲಿಂಗಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಅಜ್ಜಾರ, ಹುಡುಗಬುದ್ಧಿ ಅದು. ನೀವು ಕಟ್ರಿ. ನಾಲ್ಕ ದಿನ ಮನಿಯಾಗ ಕೂಡಿ ಹಾಕಿದ್ರ ತಾನ ಹಾದಿಗಿ ಬರ್ತಾಳ," ಎಂದ.

ಅಜ್ಜ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿ, ತಮ್ಮ ಜೋಳಿಗೆಯಲ್ಲಿ ಇಟ್ಟುಕೊಂಡರು.

"ಬೇಡಿದವರಿಗೆ ಕೊಡೂದು ಇದು, ಬಸಲಿಂಗಪ್ಪ. ಒಲ್ಲೆ ಅನ್ನಾಕಿ ಕೊರಳಿಗಿ ಕಟ್ಟಿದ್ರ ಬರೇ ದಾರ ಕಟ್ಟಿದಂಗ ಆಗತೈತಿ. ಆ ಪಾಪ ನಾ ಹೊರೂದಿಲ್ಲ."

"ಹಂಗಾರ ಇನ್ನ ಮ್ಯಾಲೆ ಮಠಕ್ಕ ನಮ್ಮ ಮನೀದು ಏನೂ ಬರೂದಿಲ್ಲ," ಎಂದ ಬಸಲಿಂಗಪ್ಪ.

"ಬ್ಯಾಡ ಬಿಡು," ಎಂದರು ಅಜ್ಜ. ಮೊಣಕಾಲು ಹಿಡಿದುಕೊಂಡು ಎದ್ದು ನಿಂತು, "ಏಳ, ಎಸ್ತೇರವ್ವ. ನಾ ಸ್ಟೇಶನ್ ತನಕ ಬರ್ತೀನಿ," ಎಂದರು.

ನಾನು ಆಯಿಯ ಕಾಲು ಹಿಡಿಯಲು ಹೋದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಕುಳಿತಿದ್ದಳು. "ನನ್ನ ಮಗಳೂ ಹಿಂಗ ಹೋದ್ಲು," ಎಂದಳು, ಅಷ್ಟೇ. ಒಳಗೆ ಹೋಗಿ ನನ್ನ ಹಳೆಯ ಸೀರೆ ಉಟ್ಟುಕೊಂಡು ಬರುವಷ್ಟರಲ್ಲಿ ಮಾವ ಟ್ರಂಕನ್ನು ಹೊಸ್ತಿಲ ಹತ್ತಿರ ತಂದಿಟ್ಟಿದ್ದ. ಮಾಡದಿಂದ ಪುಸ್ತಕ ಇಳಿಸಿ, ಸುತ್ತಿದ ಬಟ್ಟೆಯ ಸಮೇತ ನನ್ನ ಕೈಗಿಟ್ಟ. ನನ್ನ ಮುಖ ನೋಡಲಿಲ್ಲ.

ಖಾನಾಪುರದ ರಸ್ತೆಯಲ್ಲಿ ಮಠದ ಅಜ್ಜ ಮುಂದೆ, ಟ್ರಂಕು ಹೊತ್ತ ನಾನು ಹಿಂದೆ. ಅಂಗಡಿಯ ಕಟ್ಟೆಗಳ ಮೇಲಿದ್ದ ಮಂದಿ ಎದ್ದು ಅವರಿಗೆ ಕೈ ಮುಗಿದು, ನನ್ನನ್ನು ನೋಡಿ ಮುಗಿದ ಕೈ ಇಳಿಸುತ್ತಿದ್ದರು. ಅಜ್ಜ ಅದಾವುದನ್ನೂ ಗಮನಿಸದವರಂತೆ ನಡೆದರು. ಸ್ಟೇಶನ್ನಿನಲ್ಲಿ ಗಾಡಿಗೆ ಇನ್ನೂ ಹೊತ್ತಿತ್ತು. ಮರದ ನೆರಳಿಗೆ ಕುಳಿತೆವು.

"ಅಜ್ಜಾರ, ನನ್ನ ಮ್ಯಾಲೆ ನಿಮಗ ಸಿಟ್ಟ ಬಂದಿಲ್ಲೇನ್ರಿ?" ಎಂದು ಕೇಳಿದೆ.

"ಬಂದೈತಿ," ಎಂದರು. "ಬ್ಯಾಡ ಅನ್ನೂದನ್ನ ನೀ ನಿನ್ನಿನ ಅನ್ನಬೇಕಾಗಿತ್ತು. ಆ ಮುದುಕಿಗಿ ಒಂದ ರಾತ್ರಿ ಆಸಿ ಹಚ್ಚಿ ಬೆಳಿಗ್ಗಿ ಕಸಗೊಂಡಿ. ಅದು ನಿನ್ನ ತಪ್ಪು. ಖರೇ, ಸುಳ್ಳ ಹೇಳಿ ಕಟ್ಟಿಸ್ಕೊಂಡಿದ್ರ ಆಕಿಗೂ ಮೋಸ, ನಿನಗೂ ಮೋಸ, ನಿನ್ನ ದೇವರಿಗೂ ಮೋಸ ಆಗತಿತ್ತು."

ನಾನು ಅಳುತ್ತಲೇ ತಲೆಯಾಡಿಸಿದೆ. ಗಾಡಿ ಬಂದಾಗ ಹೆಂಗಸರ ಡಬ್ಬಿಯಲ್ಲಿ ಒಬ್ಬ ಮುದುಕಿಯ ಪಕ್ಕ ನನ್ನನ್ನು ಕೂಡಿಸಿ, "ಈ ಹುಡುಗಿ ಬೆಳಗಾವಿಗಿ ಇಳೀತಾಳ, ನೋಡ್ಕೊಳ್ರಿ," ಎಂದು ಹೇಳಿ, ಗಾಡಿ ಬಿಡುವ ತನಕ ನಿಂತಿದ್ದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಎಲ್ಲವೂ ಸುಖವಾಗಿ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಆಯಿಗೆ ನಾಲ್ಕು ಪತ್ರ ಬರೆದೆ. ಉತ್ತರ ಬರಲಿಲ್ಲ. ಮೂರು ವರ್ಷದ ಮೇಲೆ ಅವಳು ತೀರಿಕೊಂಡಳು. ಆ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಆಮೇಲೊಂದು ವರ್ಷ ಮಾವ ತನ್ನ ಹೆಂಡತಿಯನ್ನು ಹೆರಿಗೆಗೆಂದು ಬೆಳಗಾವಿಯ ಆಸ್ಪತ್ರೆಗೆ ಕರೆತಂದಾಗ ನನ್ನ ಸಾಲೆಯನ್ನು ಹುಡುಕಿಕೊಂಡು ಬಂದ. ಟಿಳಕವಾಡಿಯ ನನ್ನ ಬಾಡಿಗೆ ಕೋಣೆಯಲ್ಲಿ ಊಟ ಮಾಡಿದ. ಹೋಗುವಾಗ, "ಅವ್ವ ಕಡೀತನಕ ನಿನ್ನ ಹೆಸರ ಎತ್ತಲಿಲ್ಲ. ಆದ್ರ ನಿನ್ನ ಪತ್ರಾ ಹರೀಲಿಲ್ಲ," ಎಂದ. ಅದನ್ನು ಕೇಳಿ ಸಮಾಧಾನಪಡಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಈಗ ನನಗೆ ಅರವತ್ತು ದಾಟಿದೆ. ನನ್ನ ನಂಬಿಕೆಯನ್ನು ಬಿಡದೆ ಬಂದದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. ಆಯಿಗೆ 'ಆತು' ಎಂದ ಆ ಒಂದು ಮಾತಿಗೆ ಮಾತ್ರ ಇಂದಿಗೂ ಕ್ಷಮೆ ಬೇಡುತ್ತೇನೆ. ಮೂವತ್ತು ವರ್ಷ ಪಾಠ ಹೇಳುವಾಗ ಯಾವ ಮಗುವಾದರೂ ತಲೆ ತಗ್ಗಿಸಿ ಸುಮ್ಮನೆ ನಿಂತರೆ ಅದನ್ನು ಒಪ್ಪಿಗೆ ಎಂದು ನಾನು ತಿಳಿಯಲಿಲ್ಲ. ನೀನು ಏನನ್ನುತ್ತಿ ಎಂದು ಕೇಳಿ, ಅದು ಬಾಯಿ ಬಿಡುವ ತನಕ ಕಾಯುತ್ತಿದ್ದೆ. ಆ ಮನೆಯಲ್ಲಿ ನನ್ನನ್ನು ಪ್ರೀತಿಸಿದವರು ಬಹಳ ಮಂದಿ ಇದ್ದರು. ಕೇಳಿ, ಕಾದವರು ಮಠದ ಅಜ್ಜ ಒಬ್ಬರೇ.