ಸೊನ್ನೆ ಸಾಲಿನ ಸಾಹೇಬರು

ಆಸ್ಪತ್ರೆಯಲ್ಲಿ ಅವನನ್ನು ತಂತಿಯಣ್ಣ ಎನ್ನದವರಿಲ್ಲ. ಏಣಿ ಹಿಡಿಯುವ ಕೆಲಸಕ್ಕೆ ಸೇರಿದವನು ಇಪ್ಪತ್ತೆರಡು ವರ್ಷದಲ್ಲಿ ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ, ಕೆಟ್ಟದ್ದನ್ನು ಬಿಚ್ಚಿ, ಬಿಚ್ಚಿದ್ದನ್ನು ಇನ್ನಷ್ಟು ಕೆಡಿಸಿ, ಕೊನೆಗೆ ಇಡೀ ಕಟ್ಟಡದ ನೆಟ್‌ವರ್ಕನ್ನೇ ಕೈಗೆ ತೆಗೆದುಕೊಂಡಿದ್ದ.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವನ ಸ್ವಿಚ್ಚು ಕೂತಿತ್ತು. ಫೋನಿನ ಮಾತು, ಕಂಪ್ಯೂಟರಿನ ಕಡತ, ವಿಡಿಯೋ, ಎಲ್ಲವೂ ಆ ಪೆಟ್ಟಿಗೆ ದಾಟಿಯೇ ಹೋಗಬೇಕು. ಅದರೊಳಗೆ ಸೊನ್ನೆಯಿಂದ ಏಳರವರೆಗೆ ಎಂಟು ಸಾಲು. ನೂಕುನುಗ್ಗಲಾದಾಗ ಏಳರಲ್ಲಿದ್ದದ್ದಕ್ಕೆ ಮೊದಲು ದಾರಿ. ಸೊನ್ನೆಯದಕ್ಕೆ ಎಲ್ಲ ಹೋದ ಮೇಲೆ. ತಂತಿಯಣ್ಣ ಏಳರಲ್ಲಿ ತುರ್ತು ವಿಭಾಗದ ಫೋನೊಂದನ್ನೇ ಇಟ್ಟಿದ್ದ.

ಇದು ಸೂಪರಿಂಟೆಂಡೆಂಟರ ಕಿವಿಗೆ ಬಿತ್ತು. "ನಾನೇನು ಫೋನಿಗಿಂತ ಕಡೆಯೇನಯ್ಯಾ? ನನ್ನ ವಿಡಿಯೋ ಮೀಟಿಂಗೂ ಏಳಕ್ಕೆ ಹಾಕು."

ಹಾಕಿದ. ಸಂಜೆಯೊಳಗೆ ಉಗ್ರಾಣದ ಮುಖ್ಯಸ್ಥ, ಅಡುಗೆಮನೆಯ ಮೇಲ್ವಿಚಾರಕ, ಲಾಂಡ್ರಿಯವರು, ಎಲ್ಲರೂ ಚೀಟಿ ಹಿಡಿದು ಬಂದರು. ವಾರದೊಳಗೆ ಇಡೀ ಆಸ್ಪತ್ರೆ ಏಳರಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಂತಿತ್ತು. ಉಳಿದ ಸಾಲುಗಳಲ್ಲಿ ನೊಣವೂ ಇರಲಿಲ್ಲ.

ತುರ್ತು ವಿಭಾಗದ ಹಿರಿಯ ನರ್ಸು, ಅವನ ಒಡಹುಟ್ಟಿದ ಅಕ್ಕ, ದಡದಡ ಮೆಟ್ಟಿಲಿಳಿದು ಬಂದಳು.

"ಆಂಬುಲೆನ್ಸಿಂದ ಫೋನ್ ಬಂದ್ರೆ ಅರ್ಧ ಮಾತು ನುಂಗ್ತದಲ್ಲೋ! 'ಎದೆ' ಅಂದ್ರು, ಆಮೇಲೆ ಬರೀ ಗೊರಗೊರ. ಎದೆಗೆ ಏಟೋ, ಎದೆನೋವೋ? ಇವತ್ತು ಹೇಗೋ ಜೀವ ಉಳೀತು. ನಾಳೆ ಯಾರಾದ್ರೂ ಸತ್ರೆ ಮನೆಯವರಿಗೆ ಹೇಳೋಕೆ ನೀನು ಬರ್ತೀಯಾ?"

"ಸಾಹೇಬ್ರ ಆರ್ಡರ್ ಅಕ್ಕಾ."

"ಸಾಹೇಬ್ರನ್ನ ಪಳಗಿಸೋಕೆ ಬರದಿದ್ರೆ ಪೆಟ್ಟಿಗೆ ಪಳಗಿಸಿ ಏನು ಬಂತೋ ಮಂಕೇ?"

ಮಾತು ನಾಟಿತು. ಮರುದಿನ ಉಗ್ರಾಣದವನನ್ನು ಸೊನ್ನೆಗೆ ಇಳಿಸಿ, ಸೂಪರಿಂಟೆಂಡೆಂಟರ ಬಾಗಿಲಲ್ಲಿ ತಲೆ ಕೆರೆಯುತ್ತ ನಿಂತ.

"ಸಾರ್, ಉಗ್ರಾಣದವರಿಗೆ ಸೊನ್ನೆ ಕೊಟ್ಟಿದೀನಿ. ತಮ್ಮ ಕಿವಿಗೆ ಹಾಕೋಣ ಅಂತ."

"ಸೊನ್ನೆಯಾ? ಅದೇನಯ್ಯಾ ಅದು?"

"ಏಳಕ್ಕೆ ಲಾಂಡ್ರಿಯವರೂ ಬಂದ್ಬಿಟ್ಟಿದಾರೆ ಸಾರ್. ಸೊನ್ನೆಯಲ್ಲಿ ಅವರೊಬ್ಬರೇ."

ಸಾಹೇಬರ ಮೂಗು ಕೆಂಪಾಯಿತು. "ಉಗ್ರಾಣದವನಿಗೆ ಸೊನ್ನೆ, ನಾನು ಬಟ್ಟೆ ಒಗೆಯೋರ ಜೊತೆ ಏಳರಲ್ಲಾ? ನನ್ನನ್ನೂ ಸೊನ್ನೆಗೆ ಹಾಕು, ಕೊಡಿಲ್ಲಿ ಕಾಗದ!"

ಸಹಿ ಬಿದ್ದದ್ದೇ ತಡ, ಸುದ್ದಿ ಹಬ್ಬಿತು. ಮಧ್ಯಾಹ್ನಕ್ಕೆಲ್ಲ ಸೊನ್ನೆ ಬೇಡುವವರು ಶಿಫಾರಸು ಹಿಡಿದು ಮೆಟ್ಟಿಲುದ್ದಕ್ಕೂ ನಿಂತಿದ್ದರು. ಲಾಂಡ್ರಿಯವರಿಗೆ ಮಾತ್ರ ಸಾಹೇಬರು ಸುತರಾಂ ಒಪ್ಪಲಿಲ್ಲ. ಸೊಕ್ಕಡಗಲಿ ಎಂದು ಒಂದರ ಸಾಲಿಗೆ ಹಾಕಿಸಿದರು.

ನಾಲ್ಕು ಗಂಟೆಗೆ ತುರ್ತು ವಿಭಾಗದ ಫೋನು ಬಡಿದುಕೊಂಡಿತು. ತಂತಿಯಣ್ಣ ಅಕ್ಕನ ಪಕ್ಕದಲ್ಲಿ ಕಿವಿಗೊಟ್ಟು ನಿಂತಿದ್ದ.

"ಹೆಂಗಸು, ಐವತ್ತು ದಾಟಿದೆ, ಬಿದ್ದು ತಲೆಗೆ ಏಟಾಗಿದೆ, ಪ್ರಜ್ಞೆ ಇಲ್ಲ, ಆರು ನಿಮಿಷದಲ್ಲಿ ಬರ್ತೀವಿ," ಎಂದಿತು ದನಿ, ಒಂದಕ್ಷರವೂ ಉದುರದೆ.

ಅಕ್ಕ ತಮ್ಮನನ್ನು ಮೊಣಕೈಯಿಂದ ತಳ್ಳಿ ಸ್ಟ್ರೆಚರಿನತ್ತ ಓಡಿದಳು.

"ದಾರಿ ಬಿಡೋ!"