ತಾವೇ ಹಾಕಿದ ಹೊಲಿಗೆ

ದಾಖಲೆ ಕಚೇರಿ ಎಂದರೆ ಜನರಿಗೆ ನೆನಪಾಗುವವರು ಸಹಿ ಹಾಕುವ ಅಧಿಕಾರಿಗಳು, ಮೊಹರು ಒತ್ತುವ ಗುಮಾಸ್ತರು, ಹೆಚ್ಚೆಂದರೆ ಬಾಗಿಲಲ್ಲಿ ಚೀಟಿ ಕೊಟ್ಟು ಕೂರಿಸುವವರು. ಆ ಸಹಿ, ಆ ಮೊಹರು ಬಿದ್ದ ಹಾಳೆ ಐವತ್ತು ವರ್ಷ ತನ್ನ ಜಾಗದಲ್ಲೇ ಉಳಿಯುವಂತೆ ನೋಡಿಕೊಳ್ಳುವವರು ಒಬ್ಬರಿರುತ್ತಾರೆ ಎಂಬುದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಸೈನಿಕರ ಸೇವಾ ದಾಖಲೆಗಳನ್ನು ಕಾಪಾಡುವ ನಮ್ಮ ಕಚೇರಿಯಲ್ಲಿ ಮೂವತ್ತಾರು ವರ್ಷ ಆ ಕೆಲಸ ಮಾಡಿ ಈಗ ನಿವೃತ್ತರಾಗುತ್ತಿರುವ ಬೈಂಡರ್ ಅವರಿಗೆ ಈ ಪುಸ್ತಕ ಗೌರವದಿಂದ ಅರ್ಪಿತವಾಗಿದೆ. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿದೆ. ಅದನ್ನು ಓದುವವರು ಸಂಬಳದ ದಿನ ಒಬ್ಬರು ಮಾತ್ರ. ಮಿಕ್ಕ ಎಲ್ಲರಿಗೂ, ಎಲ್ಲ ದಿನವೂ, ಅವರು ಗಟ್ಟಿ ಮಾಮ.

ಈ ಹೆಸರು ಬಂದದ್ದಕ್ಕೊಂದು ಕಥೆಯಿದೆ. ಇಪ್ಪತ್ತೆರಡನೆಯ ವಯಸ್ಸಿಗೆ ಹಂಗಾಮಿಯಾಗಿ ಸೇರಿದ ಅವರು ಮೊದಲು ಹೊಲಿದ ದಫ್ತರು ಮೂರನೆಯ ಮಹಡಿಯ ಮೆಟ್ಟಿಲ ಮೇಲೆ, ಅಂದಿನ ಮುಖ್ಯಾಧಿಕಾರಿಗಳ ಕೈಯಲ್ಲೇ ಬಿಚ್ಚಿಕೊಂಡಿತು. ಹಾಳೆಗಳು ಮೂರು ಮಹಡಿಗೂ ಹಾರಾಡಿದವು. ಹೆಕ್ಕಿ ಜೋಡಿಸಲು ಇಡೀ ಕಚೇರಿಗೆ ಎರಡು ದಿನ ಹಿಡಿಯಿತು. "ಇನ್ನೊಂದು ಸಲ ಹೀಗಾದ್ರೆ ನಿನ್ನನ್ನೇ ಬಿಚ್ಚಿ ಮನೆಗೆ ಕಳಿಸ್ತೀನಿ" ಎಂದರು ಮುಖ್ಯಾಧಿಕಾರಿಗಳು. ಕೆಲಸ ಕಲಿಸುತ್ತಿದ್ದ ಹಿರಿಯ ಬೈಂಡರ್ ಮಾತ್ರ ಬಯ್ಯಲಿಲ್ಲ. "ಹೆದರ್ಕೊಂಡು ಬಿಗಿಯೋದಕ್ಕೆ ಶುರು ಮಾಡಬೇಡ ಕಣಯ್ಯ. ಪುಸ್ತಕ ಅಂದ್ರೆ ಬಾಯಿ ಬಿಡಬೇಕು, ಹಲ್ಲು ಕಚ್ಕೊಂಡು ಕೂರಬಾರದು" ಎಂದಷ್ಟೇ ಹೇಳಿದರು.

ಬಿಸಿಹಾಲು ಕುಡಿದು ನಾಲಿಗೆ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಮರುವರ್ಷ ಗುರುಗಳು ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿದಾಗ ಹಳೆಯ ಹತ್ತು ದೊಡ್ಡ ದಫ್ತರುಗಳನ್ನು ಹೊಸದಾಗಿ ಕಟ್ಟುವ ಕೆಲಸ ಶಿಷ್ಯನ ಪಾಲಿಗೆ ಬಂತು. ನಾಲ್ಕೆಳೆ ದಾರಕ್ಕೆ ಮೇಣ ಹಚ್ಚಿ, ದಬ್ಬಳದಿಂದ ತೂತು ಹಾಕಿ ಬಿಗಿದ ಬಿಗಿತಕ್ಕೆ ಅವರ ಬೆರಳೇ ಕುಯ್ದುಹೋಗಿತ್ತು. ಮುಖ್ಯಾಧಿಕಾರಿಗಳು ಅದರಲ್ಲೊಂದನ್ನು ಎತ್ತಿಕೊಂಡು ಅದೇ ಮೆಟ್ಟಿಲ ತುದಿಗೆ ಹೋಗಿ, ಎಲ್ಲರೂ ನೋಡುತ್ತಿರುವಂತೆ ಕೆಳಕ್ಕೆ ಬಿಟ್ಟರು. ದಫ್ತರು ದಬ್ಬೆಂದು ಬಿತ್ತು. ಒಂದು ಹಾಳೆಯೂ ಅಲುಗಲಿಲ್ಲ. "ಗಟ್ಟಿ ಇದೆ" ಎಂದರು. ಆ ತಿಂಗಳೇ ಕೆಲಸ ಕಾಯಂ ಆಯಿತು, ಹೆಸರೂ ಕಾಯಂ ಆಯಿತು.

ಮುಂದಿನ ವರ್ಷಗಳಲ್ಲಿ ಅವರ ಕೈ ಪಳಗಿತು. ಗುರುಗಳ ಮಾತು ತಡವಾಗಿಯಾದರೂ ಬೆರಳಿಗಿಳಿಯಿತು. ಕಚೇರಿಯ ಕೆಲಸ ಮುಗಿದ ಮೇಲೆ ಸಹೋದ್ಯೋಗಿಗಳ ಕೆಲಸ ಅವರ ಬೆಂಚಿಗೆ ಬರುತ್ತಿತ್ತು. ಟೈಪಿಸ್ಟ್ ಒಬ್ಬರ ತಾಯಿ ಕೈಯಾರೆ ಬರೆದಿಟ್ಟುಕೊಂಡಿದ್ದ ಹಾಡಿನ ಪುಸ್ತಕ ಎಲೆ ಎಲೆಯಾಗಿ ಉದುರುತ್ತಿತ್ತು. ಅದನ್ನು ಹೊಲಿದುಕೊಟ್ಟಾಗ ಕೊನೆಯಲ್ಲಿ ಹನ್ನೆರಡು ಖಾಲಿ ಹಾಳೆಗಳಿದ್ದವು. ತಾಯಿಗೆ ಆಗ ಎಂಬತ್ತೊಂದು. "ಇದ್ಯಾಕೆ ಮಾಮ?" ಎಂದರೆ, "ಕೇಳಿ ನೋಡಮ್ಮ, ಇನ್ನೂ ಬರೆಯೋದಿರುತ್ತೆ" ಎಂದರು. ಆ ತಾಯಿ ಏಳು ಹಾಳೆ ತುಂಬಿಸಿದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ಪಾಠ ಅವರದೇ: ಕಪಾಟಿನಿಂದ ಪುಸ್ತಕ ತೆಗೆಯುವಾಗ ಬೆನ್ನಿನ ತುದಿಗೆ ಬೆರಳು ಹಾಕಿ ಎಳೆಯಬಾರದು, ಅಕ್ಕಪಕ್ಕದ್ದನ್ನು ಹಿಂದಕ್ಕೆ ತಳ್ಳಿ ನಡುವನ್ನು ಹಿಡಿದು ತೆಗೆಯಬೇಕು. "ಕಿವಿ ಹಿಡಿದು ಎಳೆದ್ರೆ ಮಕ್ಕಳೂ ಬರಲ್ಲ, ಪುಸ್ತಕಾನೂ ಬರಲ್ಲ" ಎಂಬ ಮಾತು ಈಗ ನಮ್ಮಲ್ಲಿ ಗಾದೆಯಾಗಿದೆ.

ಇಂಥ ಉಪಕಾರಗಳನ್ನು ಬರೆಯುತ್ತಾ ಹೋದರೆ ಇದೇ ಒಂದು ದಫ್ತರಾದೀತು. ಆದರೆ ಗಟ್ಟಿ ಮಾಮ ಎಂಥವರೆಂದು ಕಚೇರಿಗೆ ಪೂರ್ತಿಯಾಗಿ ತಿಳಿದದ್ದು ಅವರ ನಿವೃತ್ತಿಗೆ ಎಂಟೇ ತಿಂಗಳು ಉಳಿದಿದ್ದಾಗ.

ಅಂದು ತಿದ್ದುಪಡಿ ವಿಭಾಗಕ್ಕೆ ವಯಸ್ಸಾದ ದಂಪತಿ ಬಂದಿದ್ದರು. ಯಜಮಾನರು ಸೇನೆಯಲ್ಲಿ ಲಾರಿ ಓಡಿಸುತ್ತಿದ್ದವರು. ಅರ್ಧ ಮುರಿದ ಸೇತುವೆಯ ಮೇಲೆ ಗಾಯಾಳುಗಳನ್ನು ಮೂರು ಸಲ ದಾಟಿಸಿದ್ದಕ್ಕೆ ಒಂದು, ಯುದ್ಧರಂಗದ ಸೇವೆಗೆ ಒಂದು, ಹೀಗೆ ಎರಡು ಪದಕ ಪಡೆದವರು. ಪದಕದ ಜೊತೆ ಕೊಟ್ಟಿದ್ದ ಪತ್ರಗಳು ಮನೆ ಬದಲಿಸುವಾಗ ಟ್ರಂಕಿನ ಸಮೇತ ಕಳೆದುಹೋಗಿದ್ದವು. ನಿವೃತ್ತ ಸೈನಿಕರ ಸಂಘದವರು ಹೊಸ ಸಭಾಂಗಣದಲ್ಲಿ ಸದಸ್ಯರ ಹೆಸರನ್ನೂ ಪದಕಗಳನ್ನೂ ಕಲ್ಲಿನಲ್ಲಿ ಕೆತ್ತಿಸಬೇಕೆಂದು ದಾಖಲೆಯ ನಕಲು ಕೇಳಿದರು. ನಕಲಿನಲ್ಲಿ ಪದಕಗಳ ಎದುರಿಗೆ 'ಇಲ್ಲ' ಎಂದಿತ್ತು. ಯಾರೋ ಒಬ್ಬರು ನಗುತ್ತಾ, "ಪೇಟೆಯಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ ಬಿಡಿ" ಎಂದರಂತೆ. ಯಜಮಾನರು ಪದಕಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದವರು ಮತ್ತೆ ಸಂಘದ ಮೆಟ್ಟಿಲು ಹತ್ತಲಿಲ್ಲ.

"ಹನ್ನೊಂದು ತಿಂಗಳಾಯ್ತು ಮೇಡಂ" ಎಂದರು ಅವರ ಹೆಂಡತಿ. "ಬೆಳಗ್ಗೆಯಿಂದ ಸಂಜೆವರೆಗೂ ನನ್ನ ಬೆನ್ನ ಹಿಂದೆ. ಉಪ್ಪು ಎಷ್ಟು ಹಾಕಿದೆ ಅಂತ ತನಿಖೆ, ಹಾಲು ಯಾಕೆ ಉಕ್ಕಿತು ಅಂತ ವಿಚಾರಣೆ."

"ಸುಮ್ನಿರೇ" ಎಂದರು ಯಜಮಾನರು.

"ಸುಮ್ನಿದ್ದೇ ಹನ್ನೊಂದು ತಿಂಗಳಾಯ್ತು."

ಯಜಮಾನರು ಕರವಸ್ತ್ರದ ಗಂಟು ಬಿಚ್ಚಿ ಎರಡು ಪದಕಗಳನ್ನು ಮೇಜಿನ ಮೇಲಿಟ್ಟರು. ತಿದ್ದುಪಡಿ ವಿಭಾಗದ ಮೇಡಂ ಒಳ್ಳೆಯವರು. ಆದರೆ ನಿಯಮ ಅವರ ಕೈಯನ್ನೂ ಕಟ್ಟಿಹಾಕಿತ್ತು. ಮೂಲ ದಫ್ತರಿನಲ್ಲಿ ದಾಖಲೆ ಇರಬೇಕು, ಇಲ್ಲವೇ ಅದೇ ತುಕಡಿಯ ಇಬ್ಬರು ಸಾಕ್ಷಿ ಹೇಳಬೇಕು. ಹಾಗೆ ಹೇಳಬಲ್ಲವರಿದ್ದದ್ದು ಇಬ್ಬರೇ; ಒಬ್ಬರು ತೀರಿಹೋಗಿದ್ದರು, ಇನ್ನೊಬ್ಬರಿಗೆ ಮಗನ ಗುರುತೇ ಸಿಗುತ್ತಿರಲಿಲ್ಲ. ಮೇಡಂ ದಫ್ತರು ತರಿಸಿ ತೆರೆದು, ಅದು ಮುಚ್ಚಿಕೊಳ್ಳದಂತೆ ಮೊಣಕೈ ಊರಿಕೊಂಡು ತೋರಿಸಿದರು. "ನೋಡಿ ಸರ್, ಪದಕದ ಕಾಲಮ್ಮೇ ಇಲ್ಲ. ಆ ವರ್ಷದ ನಮೂನೆಯಲ್ಲಿ ಅದನ್ನ ಕೈಬಿಟ್ಟಿದ್ರು."

ಇದು ಕಚೇರಿಯಲ್ಲಿ ಹಿರಿಯರಿಂದ ಕಿರಿಯರಿಗೆ ಬಂದ ಮಾತು. ಆ ವರ್ಷದ ನಮೂನೆಯಲ್ಲಿ ಪದಕದ ಕಾಲಂ ಇಲ್ಲ ಎಂದು ಎಲ್ಲರೂ ನಂಬಿದ್ದರು. ಹತ್ತು ವರ್ಷದ ಹಿಂದೆ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದವರೂ ನಂಬಿದರು. ಆ ಜಾಗ ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಹೋಗುತ್ತಿರಲಿಲ್ಲವಾದ್ದರಿಂದ ಎಲ್ಲರ ಹೆಸರಿನ ಮುಂದೆಯೂ 'ಇಲ್ಲ' ಎಂದು ಬರೆದು ಮುಗಿಸಿದರು.

ಹರಿದ ರಟ್ಟೊಂದನ್ನು ಒಯ್ಯಲು ಗಟ್ಟಿ ಮಾಮ ಅದೇ ಹೊತ್ತಿಗೆ ಆ ಕೋಣೆಗೆ ಬಂದಿದ್ದರು. ಎಲ್ಲರೂ ಪದಕ ನೋಡುತ್ತಿದ್ದರೆ ಅವರು ಮೇಡಂ ಅವರ ಮೊಣಕೈ ನೋಡಿದರು. ಪುಸ್ತಕವೊಂದು ತೆರೆದಿರಲು ಮೊಣಕೈ ಏಕೆ ಬೇಕು? ಬಗ್ಗಿ ನೋಡಿದಾಗ ನಡುವಿನ ಸಂದಿಯಲ್ಲಿ ನಾಲ್ಕೆಳೆಯ ದಾರ ಕಂಡಿತು. ಗಂಟಿಗೆ ಒಂದು ಸುತ್ತು ಹೆಚ್ಚಾಗಿತ್ತು. ಆ ಹೆಚ್ಚಿನ ಸುತ್ತು ಯಾರದೆಂದು ಪ್ರಪಂಚದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಅವರು ರಟ್ಟನ್ನು ಎತ್ತಿಕೊಂಡು ಹೊರಟುಹೋದರು. ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ. ದಫ್ತರನ್ನು ಬೆಂಚಿಗೆ ತಂದುಕೊಂಡು, ಅದರ ಹಾಳೆಯ ಅಗಲವನ್ನೂ ಹಿಂದಿನ ವರ್ಷದ ದಫ್ತರಿನ ಹಾಳೆಯ ಅಗಲವನ್ನೂ ದಾರ ಹಿಡಿದು ಅಳೆದರು. ಇದರ ಹಾಳೆ ಎರಡು ಬೆರಳು ಕಡಿಮೆ ಇತ್ತು. ಕತ್ತರಿಸಿದ ಗುರುತಿಲ್ಲ. ಅಂದರೆ ಆ ಎರಡು ಬೆರಳು ಒಳಗೇ ಇವೆ, ಹೊಲಿಗೆಯ ಹಿಂದೆ. ಎಡಪುಟದ ಕೊನೆಯ ಕಾಲಮ್ಮನ್ನು ಇಪ್ಪತ್ತಮೂರು ವರ್ಷದ ಹುಡುಗನೊಬ್ಬ ಹೆದರಿಕೆಯಲ್ಲಿ ಹೊಲಿದು ನುಂಗಿಹಾಕಿದ್ದ. ಯಾವ ಹತ್ತು ಪುಸ್ತಕಗಳು ಅವರಿಗೆ ಕೆಲಸ ಕೊಟ್ಟಿದ್ದವೋ, ಹೆಸರು ಕೊಟ್ಟಿದ್ದವೋ, ಅವುಗಳಲ್ಲಿ ಇದೂ ಒಂದು.

ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದರು. ಆಕೆ ಬಟ್ಟೆ ಮಡಚುತ್ತಾ ಕೇಳಿಸಿಕೊಂಡು, "ನಿಮ್ಮ ಹೊಲಿಗೆ ಅಂತ ನಿಮಗೊಬ್ಬರಿಗೇ ತಾನೇ ಗೊತ್ತಿರೋದು? ಬೇರೆ ಯಾರಿಗೂ ಗೊತ್ತಿಲ್ವಲ್ಲ" ಎಂದರು.

"ಅದೇ ಕಷ್ಟ ಆಗಿರೋದು."

"ಹಾಗಿದ್ರೆ ನಾಳೆ ಹೇಳ್ಬಿಡಿ. ಊಟ ಮಾಡದೆ ತಂದ ಡಬ್ಬಿ ನಾನು ಇನ್ನೊಂದು ದಿನ ತೊಳೆಯಲ್ಲ."

ಮರುದಿನ ಹೇಳಿದರು. ಮೂಲ ದಫ್ತರಿನ ಹೊಲಿಗೆ ಬಿಚ್ಚಲು ಮೇಲಿನವರ ಲಿಖಿತ ಅಪ್ಪಣೆ ಬೇಕಿತ್ತು. ಅಪ್ಪಣೆಗೆ ಕಾರಣ ಬರೆಯಬೇಕಿತ್ತು. ಮೇಡಂ ಪೆನ್ನು ಹಿಡಿದು, "ಹೊಲಿಗೆ ಸಡಿಲವಾಗಿದೆ ಅಂತ ಬರೆದುಬಿಡೋಣ ಮಾಮ. ಎಂಟು ತಿಂಗಳಿಗೆ ಯಾಕೆ ತಲೆನೋವು?" ಎಂದರು.

"ಸಡಿಲ ಆಗಿದ್ರೆ ಈ ಗತಿ ಬರ್ತಿರಲಿಲ್ಲ ಮೇಡಂ. ಇದ್ದದ್ದು ಇದ್ದ ಹಾಗೆ ಬರೀರಿ. ನನ್ನ ಹೆಸರೂ ಹಾಕಿ, ಹಾಜರಿ ಪುಸ್ತಕದಲ್ಲಿರೋ ಹೆಸರು."

ಮೂರು ವಾರದ ಮೇಲೆ ಎರಡು ಕಾಗದ ಒಟ್ಟಿಗೆ ಬಂದವು. ಒಂದರಲ್ಲಿ ಹೊಲಿಗೆ ಬಿಚ್ಚಲು ಅಪ್ಪಣೆ. ಇನ್ನೊಂದರಲ್ಲಿ, ಸದರಿ ಲೋಪವನ್ನು ಸಂಬಂಧಪಟ್ಟ ನೌಕರರ ಸೇವಾ ಪುಸ್ತಕದಲ್ಲಿ ನಮೂದಿಸತಕ್ಕದ್ದು ಎಂಬ ಆದೇಶ. ಮೂವತ್ತಾರು ವರ್ಷ ಒಂದು ಚುಕ್ಕೆಯೂ ಇಲ್ಲದಿದ್ದ ಸೇವಾ ಪುಸ್ತಕದಲ್ಲಿ ಅದೊಂದು ಸಾಲು ಸೇರಿತು. ಗಟ್ಟಿ ಮಾಮ ಓದಿ ನೋಡಿ, ಸಹಿ ಹಾಕಿ, ಬೆಂಚಿಗೆ ಬಂದು ಕತ್ತಿಯ ಅಲಗು ಮಸೆದರು.

ಬಿಚ್ಚುವುದು ಕಟ್ಟುವುದಕ್ಕಿಂತ ನಿಧಾನದ ಕೆಲಸ. ಗಂಟಿಗೆ ಎರಡು ಹನಿ ಬಿಸಿನೀರು, ಮೇಣ ಮೆತ್ತಗಾಗುವವರೆಗೆ ಕಾಯುವುದು, ಒಂದೊಂದೇ ಎಳೆ. ಮೇಡಂ, ದಂಪತಿ, ಇಬ್ಬರು ಗುಮಾಸ್ತರು ಸುತ್ತ ನಿಂತಿದ್ದರು. ಕೊನೆಯ ಎಳೆ ಬಂದಾಗ ದಫ್ತರು ಮೂವತ್ತನಾಲ್ಕು ವರ್ಷದ ಮೇಲೆ ಮೊದಲ ಸಲ ಬಾಯಿ ಬಿಟ್ಟಿತು. ಯಜಮಾನರ ಹೆಸರಿನ ಸಾಲಿನ ತುದಿಯಲ್ಲಿ, ಬಿಸಿಲು ಕಾಣದೆ ಮೊನ್ನೆ ಬರೆದಂತಿದ್ದ ಹಸಿರು ಶಾಯಿಯಲ್ಲಿ, ಎರಡು ಪದಕಗಳೂ ಇದ್ದವು. ಪದಕದ ಅಂಚಿನಲ್ಲಿ ಕೊರೆದಿದ್ದ ಸಂಖ್ಯೆಯೂ ಇತ್ತು.

ಯಜಮಾನರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ, "ಇದನ್ನ ಹೊಲಿದವರು ಯಾರು?" ಎಂದು ಕೇಳಿದರು.

"ನಾನೇ ಸರ್" ಎಂದರು ಗಟ್ಟಿ ಮಾಮ.

"ಆಗ ಎಷ್ಟು ವಯಸ್ಸು ನಿಮಗೆ?"

"ಇಪ್ಪತ್ತಮೂರು."

ಯಜಮಾನರು ಹಸಿರು ಅಕ್ಷರಗಳನ್ನೇ ನೋಡುತ್ತಾ ನಿಂತರು. "ಸೇತುವೆ ಮೇಲೆ ನನಗೂ ಅಷ್ಟೇ. ಹೆದರಿಕೆಗೆ ಸ್ಟಿಯರಿಂಗ್ ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂದ್ರೆ, ಆ ಕಡೆ ದಾಟಿದ ಮೇಲೆ ಇನ್ನೊಬ್ಬರು ಬಂದು ನನ್ನ ಬೆರಳು ಬಿಡಿಸಬೇಕಾಯ್ತು."

ಯಜಮಾನರ ಹೆಂಡತಿ ಗಟ್ಟಿ ಮಾಮನ ಕಡೆ ತಿರುಗಿದರು. "ಬೈಂಡರ್ ಸಾಹೇಬ್ರೇ, ನಿಮ್ಮ ಹೊಲಿಗೆಯಿಂದ ಇವರು ಹನ್ನೊಂದು ತಿಂಗಳು ಮನೇಲಿದ್ದು ತರಕಾರಿ ಹೆಚ್ಚೋದು ಕಲಿತರು. ಐವತ್ತು ವರ್ಷದಲ್ಲಿ ನನ್ನ ಕೈಲಿ ಆಗಿರಲಿಲ್ಲ. ಪದಕ ಕೊಡೋ ಅಧಿಕಾರ ನನಗಿದ್ರೆ ನಿಮಗೂ ಒಂದು ಕೊಡ್ತಿದ್ದೆ."

ಇಲ್ಲಿಗೆ ಮುಗಿಸಿದ್ದರೂ ಸಾಕಿತ್ತು. ಆದರೆ ಅದೇ ದಫ್ತರಿನಲ್ಲಿ ಇನ್ನೂ ಅರವತ್ತು ಜನರ ಸಾಲಿನ ತುದಿಯಲ್ಲಿ ಹಸಿರು ಶಾಯಿ ಇತ್ತು. ಗಟ್ಟಿ ಮಾಮ ಆ ವರ್ಷ ತಾವು ಕಟ್ಟಿದ ಉಳಿದ ಒಂಬತ್ತನ್ನೂ ಹುಡುಕಿ ತೆಗೆದರು. ಮೂರರಲ್ಲಿ ಇದೇ ಕಥೆ. ಸೇವೆಯ ಕೊನೆಯ ಏಳು ತಿಂಗಳು ಅವರು ತಮ್ಮ ಹೊಲಿಗೆ ತಾವೇ ಬಿಚ್ಚುತ್ತಾ, ತಿರುಗಿ ಸರಿಯಾಗಿ ಕಟ್ಟುತ್ತಾ ಕಳೆದರು. ಒಂದೊಂದು ಹೆಸರು ಸಿಕ್ಕಾಗಲೂ ಚೀಟಿ ಬರೆದು ಮೇಡಂ ಅವರ ಮೇಜಿಗೆ ತಾವೇ ಒಯ್ಯುತ್ತಿದ್ದರು. ಒಟ್ಟು ನೂರ ಎಂಬತ್ತನಾಲ್ಕು ದಾಖಲೆಗಳು ತಿದ್ದುಪಡಿಯಾದವು. ಕೆಲವರು ತೀರಿಕೊಂಡಿದ್ದರು, ಆ ಕಾಗದಗಳು ಮಕ್ಕಳ ವಿಳಾಸಕ್ಕೆ ಹೋದವು. ಆ ದಿನಗಳಲ್ಲಿ ಅವರ ಬೆಂಚಿನ ಕಡೆಯಿಂದ ಸಣ್ಣಗೆ ಸಿಳ್ಳೆ ಕೇಳಿಸುತ್ತಿತ್ತು. ಮಾಮನಿಗೆ ಸಿಳ್ಳೆ ಹಾಕಲು ಬರುತ್ತದೆಂದು ಮೂವತ್ತಾರು ವರ್ಷದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಿವೃತ್ತಿ ಹತ್ತಿರ ಬಂದಾಗ ಮೇಡಂ ಒಂದು ಅರ್ಜಿ ಸಿದ್ಧಮಾಡಿ ತಂದರು. ಮಾಮನ ಸೇವಾ ಪುಸ್ತಕದ ಆ ಒಂದು ಸಾಲನ್ನು ತೆಗೆದುಹಾಕಬೇಕೆಂದು ಇಡೀ ಕಚೇರಿಯ ಪರವಾಗಿ ಕೋರಿಕೆ. ಮಾಮ ಓದಿ, ನಾಲ್ಕಾಗಿ ಮಡಚಿ ಹಿಂದಕ್ಕೆ ಕೊಟ್ಟರು. "ತಿದ್ದುಪಡಿ ಅಂದ್ರೆ ಬಿಟ್ಟುಹೋಗಿದ್ದನ್ನ ಸೇರಿಸೋದು ಮೇಡಂ, ಇದ್ದದ್ದನ್ನ ತೆಗೆಯೋದಲ್ಲ. ಇದ್ದದ್ದನ್ನ ಇಲ್ಲ ಅಂತ ಇಷ್ಟು ದಿನ ನಮ್ಮ ಕಚೇರಿ ಬರೆದದ್ದು ಸಾಲದಾ?"

ಸಂಘದ ಸಭಾಂಗಣದ ಕಲ್ಲಿನಲ್ಲಿ ಈಗ ಯಜಮಾನರ ಹೆಸರಿನ ಮುಂದೆ ಎರಡು ಪದಕಗಳಿವೆ. ಅವರು ದಿನವೂ ಬೆಳಗ್ಗೆ ಸಂಘಕ್ಕೆ ಹೋಗುತ್ತಾರೆ. ತರಕಾರಿ ಹೆಚ್ಚಿಟ್ಟು ಹೋಗಬೇಕೆಂಬುದು ಮನೆಯವರ ಷರತ್ತು.

ಈ ಪುಸ್ತಕವನ್ನು ಯಾರು ಕಟ್ಟಬೇಕು ಎಂಬ ಪ್ರಶ್ನೆ ಬಂದಾಗ ಇದನ್ನು ಹೊರತರುತ್ತಿರುವ ಕಚೇರಿಯ ಸಮಿತಿಗೆ ಪೇಚಾಟವಾಯಿತು. ಹೊರಗಿನ ಅಂಗಡಿಗೆ ಕೊಟ್ಟರೆ ಮಾಮನಿಗೆ ಅವಮಾನ, ಮಾಮನಿಗೇ ಕೊಟ್ಟರೆ ಅವರ ಹಾರವನ್ನು ಅವರಿಂದಲೇ ಕಟ್ಟಿಸಿದಂತೆ. ಅವರೇ ಬಂದು ಹಾಳೆಗಳನ್ನು ಎತ್ತಿಕೊಂಡು ಹೋದರು. ಒಳಅಂಚಿನಲ್ಲಿ ಎರಡು ಬೆರಳು ಬಿಳಿ ಜಾಗ ಬಿಡಬೇಕೆಂಬ ಅವರ ಮಾತಿಗೆ ಮುದ್ರಣದವರು ಕಾಗದ ದಂಡವೆಂದು ಗೊಣಗಿದರು, ಆದರೂ ಜಾಗ ಬಿಟ್ಟಿದ್ದಾರೆ. ಕೊನೆಯಲ್ಲಿರುವ ಹನ್ನೆರಡು ಖಾಲಿ ಹಾಳೆಗಳು ಮುದ್ರಣದ ತಪ್ಪಲ್ಲ, ಮಾಮ ಸೇರಿಸಿದ್ದು. ಅವರ ಮನೆಯ ಮುಂದಿನ ಕೋಣೆಯಲ್ಲಿ ಬೆಂಚು ಆಗಲೇ ಬಂದು ಕೂತಿದೆ, ಮೇಣದ ವಾಸನೆಗೆ ಮನೆಯವರ ತಕರಾರೂ ಶುರುವಾಗಿದೆ. ಆ ಹಾಳೆಗಳನ್ನು ತುಂಬಿಸಿ ಇನ್ನಷ್ಟು ಸೇರಿಸಿಕೊಳ್ಳುವಷ್ಟು ಆಯುಸ್ಸು, ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು, ಸಿಳ್ಳೆ ಹಾಕುವಷ್ಟು ನೆಮ್ಮದಿ ಅವರಿಗೂ ಅವರ ಮನೆಯವರಿಗೂ ಇರಲಿ ಎಂದು ಇಡೀ ಕಚೇರಿ ಹಾರೈಸುತ್ತದೆ.

ಓದುಗರು ಈ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಕೈ ತೆಗೆದು ನೋಡಬಹುದು. ಮೊಣಕೈ ಊರಬೇಕಾಗಿಲ್ಲ.